ರಾಜಕಾಲುವೆಯ ಸುರುಳಿ

ಕಳೆದ ವಾರ ಯಶವಂತಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಗೋಡೆಗೆ ಒಬ್ಬಾತ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದ. ಕಾಲ ಬಳಿ ಬಕೆಟ್ಟು, ಅದರ ತುಂಬ ಮೈದಾ ಅಂಟು. ಅಗಲವಾದ ಬ್ರಶ್ಶನ್ನು ಅದ್ದಿ ಗೋಡೆಗೆ ಬಳಿದಾಗ ಬೆಂದ ಹಿಟ್ಟಿನ ವಾಸನೆ ನನ್ನವರೆಗೂ ಬಂತು. ಬಸ್ಸು ಬಂತು, ಹತ್ತಿ ಕೂತೆ. ಹೆಬ್ಬಾಳ ದಾಟುವವರೆಗೂ ಆ ವಾಸನೆ ಮೂಗಿನಲ್ಲೇ ಇತ್ತು. ಮೂರು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ನಾನೂ ನಸ್ರೀನೂ ಸಹಕಾರನಗರದ ಒಂದು ಮಹಡಿಯ ಕೋಣೆಯಲ್ಲಿ ಇದೇ ವಾಸನೆಯ ನಡುವೆ ಬದುಕಿದ್ದೆವು.

ನಸ್ರೀನ್ ನನ್ನ ಚಿತ್ರಕಲಾ ಕಾಲೇಜಿನ ಗೆಳತಿ. ಆರ್.ಟಿ. ನಗರದವಳು. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಕಾಲೇಜು ಮುಗಿದ ಮೇಲೆ ಅವಳು ಜಪಾನಿಗೆ ಹೋಗಿ, ಅಲ್ಲೊಂದು ಸಣ್ಣ ಊರಿನಲ್ಲಿ ಸುರುಳಿಚಿತ್ರ ಬರೆಯುವುದನ್ನೂ ಕಟ್ಟುವುದನ್ನೂ ಕಲಿತು ಬಂದಳು. ಉದ್ದನೆಯ ಕಾಗದ, ಅದರ ಬೆನ್ನಿಗೆ ಇನ್ನೊಂದು ಕಾಗದ, ಅಂಚಿಗೆ ರೇಷ್ಮೆ, ಎರಡು ತುದಿಗೆ ಮರದ ಕೋಲು. ಅದನ್ನು ಗೋಡೆಗೆ ನೇತುಹಾಕುವುದಿಲ್ಲ. ಮೇಜಿನ ಮೇಲಿಟ್ಟು ಎಡಗೈಯಲ್ಲಿ ಬಿಚ್ಚುತ್ತ, ಬಲಗೈಯಲ್ಲಿ ಸುತ್ತುತ್ತ ಒಂದು ತೋಳಿನಷ್ಟು ಉದ್ದವನ್ನು ಮಾತ್ರ ನೋಡಬೇಕು. ನೋಡಿದ್ದು ಬಲಕ್ಕೆ ಸುತ್ತಿಕೊಂಡು ಹೋಗುತ್ತದೆ, ನೋಡಬೇಕಾದ್ದು ಎಡದಲ್ಲಿ ಮುಚ್ಚಿಕೊಂಡಿರುತ್ತದೆ. ಅವಳು ಇದನ್ನು ಮೊದಲ ಸಲ ತೋರಿಸಿದಾಗ ನನಗೆ ಬಸ್ಸಿನ ಕಿಟಕಿಯಲ್ಲಿ ಕೂತಂತೆ ಅನ್ನಿಸಿತ್ತು.

ನಾನು ಸಿಂಗಾಪುರದವಳು, ಬೆಂಗಳೂರಿನ ಉತ್ತರದ ಅಂಚಿನ ಹಳ್ಳಿ ಅದು. ಲೇಔಟು ಆಗುವುದಕ್ಕೆ ಮುಂಚೆ ಅಲ್ಲಿ ಮನೆ ಇದ್ದ ಕುಟುಂಬಗಳಲ್ಲಿ ನಮ್ಮದೂ ಒಂದು. ಈಗ ವಿದ್ಯಾರಣ್ಯಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ನನಗಿದ್ದದ್ದು ಬೇರೆ ಹುಚ್ಚು. ಬಂಗಾಳದ ಹಳ್ಳಿಯೊಂದರಲ್ಲಿ ಹೆಂಗಸೊಬ್ಬಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಚಿತ್ರದ ಸುರುಳಿಯನ್ನು ಮೇಲಿಂದ ಕೆಳಕ್ಕೆ ಬಿಚ್ಚುತ್ತ, ಒಂದೊಂದು ಆಕೃತಿಗೂ ಬೆರಳಿಟ್ಟು ಹಾಡು ಹೇಳುವುದನ್ನು ನೋಡಿದ್ದೆ. ಆ ಪಟದಲ್ಲಿ ಒಂದು ಇಂಚೂ ಖಾಲಿ ಇರಲಿಲ್ಲ. ಜನ, ಮೀನು, ಹುಲಿ, ಮತ್ತೆ ಜನ. ಅದಾದ ಮೇಲೆ ನಾನು ಬರೆದ ಚಿತ್ರಗಳಲ್ಲೆಲ್ಲ ಜನ ತುಂಬಿಕೊಂಡರು.

ಆ ವರ್ಷ ಬೇಸಿಗೆಯ ಕೊನೆಗೆ ನಸ್ರೀನ್ ಫೋನ್ ಮಾಡಿದಳು.

"ಶೈಲಾ, ಒಂದು ಗ್ರೂಪ್ ಶೋ ಇದೆ. ಹಳೇ ಸುರುಳಿಚಿತ್ರಗಳನ್ನ ಈಗಿನೋರು ಹೆಂಗೆ ಮಾಡ್ತಿದಾರೆ ಅಂತ ತೋರ್ಸೋದು. ಕೊರಿಯಾದಿಂದ ಒಬ್ರು ಬರ್ತಾರೆ, ಕೋಲ್ಕತಾದಿಂದ ಒಬ್ರು. ನಂಗೆ ನೀರು, ಕಲ್ಲು, ಮರ ಬರುತ್ತೆ. ಮನುಷ್ಯರು ಬರಲ್ಲ. ನೀನು ಬಾ."

"ನಂಗೆ ಸ್ಕೂಲಿದೆ ಕಣೇ."

"ಸಂಜೆ ಬಾ. ಭಾನುವಾರ ಬಾ. ಬಾ ಅಷ್ಟೇ."

ಹೀಗೆ ನಾವು ಸಹಕಾರನಗರದಲ್ಲಿ ಕೋಣೆ ಹಿಡಿದೆವು. ಮೊದಲು ಅಲ್ಲಿ ಟ್ಯೂಶನ್ ನಡೆಯುತ್ತಿತ್ತು. ಉದ್ದನೆಯ ಮೇಜುಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ಅವುಗಳನ್ನು ಒಂದಕ್ಕೊಂದು ಸೇರಿಸಿ ಇಟ್ಟಾಗ ಗೋಡೆಯಿಂದ ಗೋಡೆಗೆ ಮುಟ್ಟಿತು. ನಸ್ರೀನ್ ಅದರ ಮೇಲೆ ಕೈಯಾಡಿಸಿ, "ಇದೇ ನಮ್ಮ ಹೊಳೆ" ಅಂದಳು.

ಮೊದಲ ತೊಂದರೆ ಅಲ್ಲೇ ಶುರುವಾಯಿತು. ಅವಳು ಕಲಿತ ಹಳೆಯ ಸುರುಳಿಗಳಲ್ಲಿ ಹೆಚ್ಚಿನವು ಹೊಳೆಯ ಜೊತೆ ಸಾಗುತ್ತವೆ. ಬೆಟ್ಟದಲ್ಲಿ ಹುಟ್ಟಿ, ಹಳ್ಳಿ, ಸೇತುವೆ, ಪೇಟೆ ದಾಟಿ, ದೊಡ್ಡ ನೀರಿಗೆ ಸೇರುವವರೆಗೆ. ನಮ್ಮ ಬೆಂಗಳೂರಿನಲ್ಲಿ ಹೊಳೆ ಎಲ್ಲಿಂದ ತರುವುದು? ಒಂದು ವಾರ ನಂದಿಬೆಟ್ಟ, ಅರ್ಕಾವತಿ ಅಂತೆಲ್ಲ ಮಾತಾಡಿದೆವು. ಕೊನೆಗೆ ನಾನೇ ಅಂದೆ, "ನಮ್ಮೂರ ಕೆರೆ ತುಂಬಿದ್ರೆ ನೀರು ಕಾಲುವೇಲಿ ಹೋಗಿ ಹೆಬ್ಬಾಳಕ್ಕೆ ಸೇರುತ್ತೆ ಅಂತ ನಮ್ಮ ತಾತ ಹೇಳ್ತಿದ್ರು. ಅದೇ ಸಾಕಲ್ವಾ?"

"ಚರಂಡಿನಾ?"

"ಚರಂಡಿ ಈಗ. ಹೆಸರು ಮಾತ್ರ ಇನ್ನೂ ರಾಜಕಾಲುವೆ."

ಅವಳು ನಕ್ಕಳು. ಜೂನ್ ತಿಂಗಳ ಮೊದಲ ಭಾನುವಾರ ಇಬ್ಬರೂ ಗಮ್ ಬೂಟು ಹಾಕಿಕೊಂಡು ಸಿಂಗಾಪುರದ ಕೆರೆಯಿಂದ ನಡೆಯಲು ಶುರು ಮಾಡಿದೆವು.

ಒಂದೇ ದಿನಕ್ಕೆ ಮುಗಿಯುವ ದಾರಿ ಅದಲ್ಲ. ಕಾಲುವೆ ಕೆಲವು ಕಡೆ ಕಾಣಿಸುತ್ತಿತ್ತು, ಕೆಲವು ಕಡೆ ಕಾಂಕ್ರೀಟಿನ ಕೆಳಗೆ ಹೋಗುತ್ತಿತ್ತು, ಕೆಲವು ಕಡೆ ಯಾರದೋ ಕಾಂಪೌಂಡಿನೊಳಗೆ ನುಗ್ಗಿ ಆಚೆ ಬದಿಗೆ ಹೊರಬರುತ್ತಿತ್ತು. ದೊಡ್ಡಬೊಮ್ಮಸಂದ್ರದ ಕೆರೆಯ ಹತ್ತಿರ ಅದರ ದಂಡೆಯಲ್ಲಿ ಬಾಳೆ ಬೆಳೆದಿದ್ದರು. ಮುಂದೆ ಒಂದು ಅಪಾರ್ಟ್‌ಮೆಂಟಿನ ಎತ್ತರದ ಗೋಡೆಗೆ ಬಡಿದು ನೀರು ಸೀದಾ ಬಲಕ್ಕೆ ತಿರುಗುತ್ತಿತ್ತು. ಮಳೆ ಬಂದ ಮಾರನೆಯ ದಿನ ನೊರೆ, ತೆಂಗಿನ ಚಿಪ್ಪು, ಒಂಟಿ ಚಪ್ಪಲಿ, ಹಳೇ ಸೋಫಾದ ಸ್ಪಂಜು ಎಲ್ಲ ತೇಲಿ ಬರುತ್ತಿದ್ದವು. ಬೆಳ್ಳಕ್ಕಿಗಳು ಮಾತ್ರ ಯಾವ ಬೇಸರವೂ ಇಲ್ಲದೆ ನಿಂತಿರುತ್ತಿದ್ದವು. ನಸ್ರೀನ್ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ನೀರಿನ ಗೆರೆಗಳನ್ನು ಬರೆದುಕೊಳ್ಳುತ್ತಿದ್ದಳು. ನಾನು ದಂಡೆಯ ಜನರನ್ನು. ಬಟ್ಟೆ ಒಗೆಯುವವರು, ಗುಜರಿ ವಿಂಗಡಿಸುವವರು, ಗೋಡೆಗೆ ಒರಗಿ ಫೋನಿನಲ್ಲಿ ಜಗಳವಾಡುವ ಹುಡುಗಿ.

ಕೋಣೆಗೆ ಬಂದ ಮೇಲೆ ನಮ್ಮಿಬ್ಬರಿಗೂ ಜಗಳ. ಅವಳಿಗೆ ಖಾಲಿ ಜಾಗ ಬೇಕು. "ಉಸಿರಾಡೋಕೆ ಬಿಡೇ" ಅನ್ನುತ್ತಿದ್ದಳು. ಹಳೆಯ ಸುರುಳಿಗಳಲ್ಲಿ ಬೆಟ್ಟ, ಊರುಗಳ ನಡುವೆ ಮಂಜು ಇರುತ್ತದೆ. ಮಂಜು ಅಂದರೆ ಏನೂ ಬರೆಯದೆ ಬಿಟ್ಟ ಕಾಗದ, ಅಂಚಿನಲ್ಲಿ ಮಾತ್ರ ತೆಳುವಾದ ಮಸಿ. ಅಲ್ಲಿ ಕಣ್ಣು ನಿಂತು ಮುಂದಕ್ಕೆ ಹೋಗುತ್ತದೆ. ನನಗೆ ಖಾಲಿ ಕಾಗದ ಕಂಡರೆ ಕೈ ತುರಿಸುತ್ತಿತ್ತು.

"ನಮ್ಮ ಕಾಲುವೇಲಿ ಎಲ್ಲೇ ಖಾಲಿ ಜಾಗ ನೋಡ್ದೆ ನೀನು?" ಅಂತ ನಾನು.

"ನೀನು ಬರ್ದಿರೋದು ಮೆಜೆಸ್ಟಿಕ್ ಕಣೇ, ಕಾಲುವೆ ಅಲ್ಲ" ಅಂತ ಅವಳು.

ಕೊನೆಗೆ ಒಪ್ಪಂದಕ್ಕೆ ಬಂದೆವು. ನೀರು ಉದ್ದಕ್ಕೂ ಅವಳದು, ದಂಡೆ ನನ್ನದು. ಎಲ್ಲಿ ಬಿಡಬೇಕು ಅನ್ನುವುದು ಅವಳ ಮಾತು, ಯಾರು ಇರಬೇಕು ಅನ್ನುವುದು ನನ್ನ ಮಾತು. ತೋರಿಸುವಾಗ ನಾನು ಪಕ್ಕದಲ್ಲಿ ನಿಂತು ಬೆರಳಿಟ್ಟು ಕತೆ ಹೇಳುತ್ತೇನೆ. ಅದಕ್ಕೂ ಅವಳು ಒಪ್ಪಿದಳು, ಬೆರಳು ಕಾಗದಕ್ಕೆ ತಾಗಬಾರದು ಅನ್ನುವ ಷರತ್ತಿನ ಮೇಲೆ.

ಕೆಲಸ ನಿಧಾನವಾಗಿ ಸಾಗಿತು. ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆಯಿಂದ ಮಾಡಿದ ಕಾಗದವನ್ನು ಅವಳು ಜಪಾನಿನಿಂದ ತರಿಸಿದ್ದಳು. ಅಂಚಿನ ರೇಷ್ಮೆಯನ್ನು ಯಲಹಂಕದ ಮಗ್ಗದವರ ಹತ್ತಿರ ತಂದೆವು. ದಿನಾ ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಅವಳು ಮಸಿಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತ ಕೂತಿರುತ್ತಿದ್ದಳು, ಗಂಧ ತೇಯುವ ಹಾಗೆ. ಅಂಟನ್ನೂ ಅವಳೇ ಕಾಯಿಸುತ್ತಿದ್ದಳು. ಮೈದಾವನ್ನು ನೀರಿನಲ್ಲಿ ಹಿಚುಕಿ ಜಿಗುಟು ತೆಗೆದು, ಉಳಿದ ಬಿಳಿ ಗಂಜಿಯನ್ನು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಜರಡಿ ಹಿಡಿಯಬೇಕು. ಮಳೆಗಾಲದ ತೇವಕ್ಕೆ ಎರಡೇ ದಿನಕ್ಕೆ ಬೂಷ್ಟು ಬರುತ್ತಿತ್ತು. "ಪೋಸ್ಟರಿನೋರ ತರ ಮೈಲುತುತ್ತ ಹಾಕೋಣ" ಅಂದರೆ ಬೈಯುತ್ತಿದ್ದಳು. ಕಾಗದ ಕಲೆಯಾಗುತ್ತದಂತೆ. ಹಾಗಾಗಿ ದಿನಾ ಹೊಸ ಅಂಟು.

ಜಯಮ್ಮ ಸಿಕ್ಕಿದ್ದು ಜುಲೈ ತಿಂಗಳಲ್ಲಿ. ಕೊಡಿಗೇಹಳ್ಳಿಯ ಹಿಂಭಾಗದಲ್ಲಿ, ರೈಲ್ವೆ ಹಳಿಗಿಂತ ಸ್ವಲ್ಪ ಮುಂಚೆ, ಕಾಲುವೆಗೆ ಅಡ್ಡಲಾಗಿ ಒಂದು ಕಲ್ಲುಚಪ್ಪಡಿ ಹಾಕಿದ್ದರು. ಅದನ್ನು ದಾಟಿದರೆ ಅವಳ ಮನೆ. ಮುಂದೆ ಶೀಟಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಮೂರು ಹಸು. ಮನೆಯ ಹಿಂಗೋಡೆ ಸೀದಾ ನೀರಿನೊಳಗಿಂದಲೇ ಎದ್ದಿತ್ತು. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಸಹಕಾರನಗರದ ಎಷ್ಟೋ ಮನೆಗಳಿಗೆ ಅವಳದೇ ಹಾಲು. ಗಂಡ ಮುನಿರಾಜು ಟೆಂಪೊ ಓಡಿಸುತ್ತಿದ್ದ. ಮಗಳನ್ನು ಮಾಕಳಿಗೆ ಕೊಟ್ಟಿದ್ದರು.

ನಾವು ಚಪ್ಪಡಿಯ ಮೇಲೆ ಕೂತು ಬರೆಯುತ್ತಿದ್ದಾಗ ಅವಳು ಸಗಣಿ ಬುಟ್ಟಿ ಹೊತ್ತು ಬಂದು ಹಿಂದೆ ನಿಂತು ನೋಡಿದಳು.

"ಇದೇನ್ರಮ್ಮ, ಈ ಗಬ್ಬುನೀರ್ನ ಬರೀತಾ ಕೂತಿದೀರಿ? ಲಾಲ್‌ಬಾಗ್ ಇಲ್ವಾ?"

ನಾನು ವಿಷಯ ಹೇಳಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಟೀ ತಂದುಕೊಟ್ಟಳು. ಅದಾದ ಮೇಲೆ ನಾವು ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುವುದು ರೂಢಿಯಾಯಿತು. ಅವಳ ಅತ್ತೆಮಾವನ ಕಾಲದಲ್ಲಿ ಕಾಲುವೆ ಮನೆಯಿಂದ ಇನ್ನೂ ಆಚೆಗೆ ಹರಿಯುತ್ತಿತ್ತಂತೆ. ಮೇಲುಗಡೆ ಅಪಾರ್ಟ್‌ಮೆಂಟಿನವರು ಗೋಡೆ ಕಟ್ಟಿದ ಮೇಲೆ ನೀರು ಈ ಕಡೆಗೆ ತಿರುಗಿತು. "ನಾವ್ ಕಾಲ್ವೆ ತಾವ ಓಗ್ಲಿಲ್ಲ ಕಣಕ್ಕ, ಕಾಲ್ವೇನೆ ನಮ್ಮನೆ ತಾವ ಬಂತು" ಅನ್ನುತ್ತಿದ್ದಳು. ಇದನ್ನು ಅವಳು ದುಃಖಕ್ಕೆ ಹೇಳುತ್ತಿರಲಿಲ್ಲ. ಯಾರೋ ದೂರದ ನೆಂಟರು ಬಂದು ಉಳಿದುಕೊಂಡರು ಅನ್ನುವ ಹಾಗೆ ಹೇಳುತ್ತಿದ್ದಳು.

ಆ ಮನೆ ನನ್ನ ಕೈಗೆ ಚೆನ್ನಾಗಿ ಬಂತು. ಶೀಟಿನ ಮೇಲಿನ ಕಲ್ಲುಗಳು, ಕೊಟ್ಟಿಗೆಯ ನೀಲಿ ಟಾರ್ಪಾಲು, ಬಾಗಿಲಲ್ಲಿ ಕೂತು ಹಾಲಿನ ಕ್ಯಾನು ತೊಳೆಯುವ ಜಯಮ್ಮ, ನೀರಿಗಿಳಿದ ಹಿಂಗೋಡೆ. ನಸ್ರೀನ್ ಆ ಗೋಡೆಯ ಬುಡಕ್ಕೆ ನೀರಿನ ಸುಳಿ ಬರೆದಾಗ ಇಡೀ ಮನೆ ಸ್ವಲ್ಪ ಅಲುಗಿದಂತೆ ಕಂಡಿತು. ಅವಳು ಕುಂಚ ಕೆಳಗಿಟ್ಟು, "ಇದು ಬಂತು ಕಣೇ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಪ್ರದರ್ಶನದ ಕ್ಯುರೇಟರ್ ಅನನ್ಯಾ ಅಂತ ಒಬ್ಬಳು ಚುರುಕಿನ ಹುಡುಗಿ. ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಬಂದಾಗ ಆ ಭಾಗದ ಫೋಟೊ ತೆಗೆದುಕೊಂಡು ಹೋಗಿ ಪ್ರದರ್ಶನದ ವೆಬ್ ಪುಟದಲ್ಲಿ ಹಾಕಿದಳು. ನಮಗೂ ಖುಷಿಯೇ ಆಯಿತು.

ಗಣೇಶನ ಹಬ್ಬ ಕಳೆದ ವಾರ ಜೋರು ಮಳೆ ಹಿಡಿಯಿತು. ಕಾಲುವೆ ಉಕ್ಕಿ ಎಷ್ಟೋ ಬೀದಿಗಳಿಗೆ, ಬೇಸ್‌ಮೆಂಟುಗಳಿಗೆ ನೀರು ನುಗ್ಗಿತು. ಟಿ.ವಿ.ಯವರು ಮೊಣಕಾಲುದ್ದದ ನೀರಿನಲ್ಲಿ ನಿಂತು ಕೂಗಿದರು. ನೀರು ಇಳಿದ ಮೇಲೆ ಸರ್ವೆಯವರು ಬಂದರು. ಹಳೇ ನಕ್ಷೆ ಹಿಡಿದು ಅಳೆದು, ಕಾಲುವೆಯ ಎರಡೂ ಕಡೆ ಕೆಡವಬೇಕಾದ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕುತ್ತ ಹೋದರು. ಜಯಮ್ಮನ ಮನೆಯ ಗೋಡೆಗೂ ಒಂದು ಗುರುತು ಬಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ನಮ್ಮ ಕೋಣೆಗೆ ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಮುನಿರಾಜು ಚಪ್ಪಲಿಯನ್ನು ಕೆಳಗೆ ಮೆಟ್ಟಿಲ ಹತ್ತಿರವೇ ಬಿಟ್ಟು ಬಂದಿದ್ದ. ಒಳಗೆ ಬಂದವನೇ ಫೋನ್ ತೆಗೆದು ತೋರಿಸಿದ. ನಮ್ಮ ಚಿತ್ರದ ಫೋಟೊ. ಅದನ್ನು ಯಾರೋ ಆ ಏರಿಯಾದ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ 'ಕಾಲುವೆಯೊಳಗೆ ಮನೆ ಕಟ್ಟಿರುವುದನ್ನು ನೋಡಿ, ಊರು ಮುಳುಗದೆ ಇನ್ನೇನು' ಅಂತ ಬರೆದಿದ್ದರು.

"ಮೇಡಂ, ನೀವ್ ಬರ್ದಿರೋದು ತಪ್ಪು ಅಂತ ನಾನ್ ಏಳ್ತಿಲ್ಲ" ಅಂದ ಮುನಿರಾಜು. "ಇರೋದ್ನೇ ಬರ್ದಿದೀರಿ. ಅದೇ ತೊಂದ್ರೆ ಆಗಿರೋದು."

ನಸ್ರೀನ್ ಅಂದಳು, "ಅಣ್ಣಾ, ಇದು ಚಿತ್ರ. ನಕ್ಷೆ ಅಲ್ಲ. ಇದನ್ನಿಟ್ಕೊಂಡು ಯಾರೂ ಅಳತೆ ಹಾಕಲ್ಲ."

"ನಿಮ್ಗೆ ಚಿತ್ರ. ನೋಡ್ದೋರ್ಗೆ?"

"ಆ ಅಪಾರ್ಟ್‌ಮೆಂಟಿನ ಗೋಡೆನೂ ಇದೆ ಇದ್ರಲ್ಲಿ. ನೀರು ಅದಕ್ಕೆ ಹೊಡ್ದು ತಿರುಗೋದೂ ಇದೆ. ಅದರ ಫೋಟೊ ಯಾಕೆ ಯಾರೂ ಹಾಕ್ಲಿಲ್ಲ?"

ಜಯಮ್ಮ ನಕ್ಕುಬಿಟ್ಟಳು. "ಅದುನ್ನ ಯಾಕಾಕ್ತಾರೆ ನಸ್ರೀನಮ್ಮ? ಅವ್ರೇ ಅಲ್ವಾ ಆ ಗ್ರೂಪಲ್ಲಿರೋರು!"

ಆಮೇಲೆ ಅವಳು ಮೇಜಿನ ಹತ್ತಿರ ಬಂದು ತನ್ನ ಮನೆಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು. "ಚೆಂದಾಗೈತೆ" ಅಂದಳು. "ತೆಗ್ದಾಕ್ಬುಡಿ ಅಕ್ಕ. ನಾಳೆ ದೊಡ್ಡೋರೆಲ್ಲ ಬಂದು ನೋಡ್ತಾರಂತಲ್ಲ, ಪೇಪರ್ನಾಗೆ ಬತ್ತದಂತಲ್ಲ. ಲಾಯರು ಅರ್ಜಿ ಆಕವ್ರೆ. ಇಂಥ ಒತ್ನಲ್ಲಿ ಬ್ಯಾಡ. ಅಸ ಬೇಕಾದ್ರೆ ಇರ್ಲಿ. ಅಸಕ್ಕೆ ಯಾರ್ ನೋಟೀಸ್ ಕೊಡ್ತಾರೆ?"

ನೋಡಿ ಹೇಳುತ್ತೇವೆ ಅಂತ ಕಳಿಸಿದೆವು. ಅನನ್ಯಾಗೆ ಫೋನ್ ಮಾಡಿದರೆ ಅವಳು ಗಾಬರಿಯಾಗಿ ಆ ಕ್ಷಣವೇ ಫೋಟೊ ತೆಗೆದುಹಾಕಿದಳು. ಆದರೆ ಕಾಗದದ ಮೇಲಿದ್ದದ್ದು ಇತ್ತಲ್ಲ.

ಅವತ್ತು ನಾವಿಬ್ಬರೂ ಜೋರಾಗಿಯೇ ಜಗಳವಾಡಿದೆವು. ತೆಗೆಯೋಣ ಅಂದದ್ದು ನಾನು. ಬೇಡ ಅಂದದ್ದು ಅವಳು. ಖಾಲಿ ಜಾಗಕ್ಕಾಗಿ ತಿಂಗಳುಗಟ್ಟಲೆ ನನ್ನ ತಲೆ ತಿಂದವಳು ಅಲ್ಲಿ ಮಾತ್ರ ಖಾಲಿ ಬೇಡ ಅಂದಳು.

"ಮಂಜು ಅಂದ್ರೆ ಏನಂದ್ಕೊಂಡಿದೀಯ? ನೋಡೋನಿಗೆ ಜಾಗ ಬಿಡೋಕೆ ಅದು. ಹೆದರ್ಕೊಂಡು ಮುಚ್ಚೋಕೆ ಅಲ್ಲ. ಬಡವರ ಮನೆ ಅಳಿಸಿ ಅಪಾರ್ಟ್‌ಮೆಂಟ್ ಉಳಿಸಿದ್ರೆ ನಮ್ಮ ಸುರುಳಿ ಏನು ಹೇಳುತ್ತೆ, ಯೋಚ್ನೆ ಮಾಡು."

"ಅವರ ಮನೆ ಕಣೇ ಅದು. ಅವರು ಬೇಡ ಅಂತಿದಾರೆ."

"ನಮ್ಮ ಚಿತ್ರ ಇದು."

"ಆಯ್ತು, ಚಿತ್ರ ಇಟ್ಕೊ."

ಅವಳು ಸ್ಕೂಟರಿನ ಕೀ ತೆಗೆದುಕೊಂಡು ಹೊರಟುಹೋದಳು. ಮಾರನೆಯ ದಿನ ಫೋನ್ ಎತ್ತಲಿಲ್ಲ. ನಾನೂ ಕೋಣೆಗೆ ಹೋಗಲಿಲ್ಲ. ಮಂಗಳವಾರ ಸಂಜೆ ಹೋದಾಗ ಒಳಗಿಂದ ಅಂಟು ಕಾಯುವ ವಾಸನೆ ಬಂತು. ನಸ್ರೀನ್ ಸ್ಟವ್ ಮುಂದೆ ನಿಂತು ತಿರುವುತ್ತಿದ್ದಳು. ತಿರುಗಿ ನೋಡದೆ ಅಂದಳು.

"ನಿನ್ನೆ ಅಲ್ಲಿಗೆ ಹೋಗಿದ್ದೆ. ಚಿತ್ರದ ವಿಷಯ ಕೇಳ್ತಾರೆ ಅಂದ್ಕೊಂಡಿದ್ದೆ. ಏನೂ ಕೇಳ್ಲಿಲ್ಲ. ಹಸು ತೊಳೀತಿದ್ರು. ಟೀ ಕೊಟ್ರು. ಎದುರಿಗೇ ಆ ಕೆಂಪು ಗುರುತು. ಕುಡಿಯೋಕಾಗ್ಲಿಲ್ಲ ಕಣೇ."

ನಾನು ಕೈಚೀಲ ಇಟ್ಟು ಜರಡಿ ಹಿಡಿದುಕೊಂಡೆ.

ಮಸಿಯನ್ನು ಅಳಿಸಲಾಗುವುದಿಲ್ಲ. ಆ ಕಾಗದ ಮಸಿಯನ್ನು ಕುಡಿದುಬಿಡುತ್ತದೆ. ಇರುವ ದಾರಿ ಒಂದೇ. ಆ ಹಾಳೆಯನ್ನೇ ಜೋಡಣೆಯ ಹತ್ತಿರ ಬಿಡಿಸಿ ತೆಗೆದು, ಹೊಸ ಹಾಳೆ ಕೂರಿಸುವುದು. ಅಷ್ಟು ಹೊತ್ತಿಗೆ ಇಡೀ ಸುರುಳಿಯ ಬೆನ್ನಿಗೆ ಕಾಗದ ಹಚ್ಚಿ ಮುಗಿದಿತ್ತು. ಮಧ್ಯದಲ್ಲಿ ಒದ್ದೆ ಮಾಡಿದರೆ ಅಕ್ಕಪಕ್ಕದ ಹಾಳೆಗಳೂ ನೀರು ಹೀರಿ ಸುಕ್ಕಾಗಬಹುದು. ಒಮ್ಮೆ ಸುಕ್ಕಾದರೆ ಸುರುಳಿ ನೇರವಾಗಿ ಸುತ್ತಿಕೊಳ್ಳುವುದಿಲ್ಲ, ನಾಲ್ಕು ತಿಂಗಳ ಕೆಲಸ ಹೋದ ಹಾಗೆ. ಹೊರಗೆ ಮಳೆ ಬಿಟ್ಟಿರಲಿಲ್ಲ. ಪ್ರದರ್ಶನ ಹತ್ತಿರ ಬಂದಿತ್ತು.

ದಸರಾ ರಜೆಯ ಒಂದು ಬೆಳಿಗ್ಗೆ ಅವಳು ಆ ಕೆಲಸಕ್ಕೆ ಕೂತಳು. ಜಯಮ್ಮ, ಮುನಿರಾಜು ಇಬ್ಬರನ್ನೂ ಕರೆದಿದ್ದೆವು. ಅವರ ಕಣ್ಣೆದುರಿಗೇ ಆಗಲಿ ಅನ್ನುವುದು ನಸ್ರೀನಳ ಹಟ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಸುರುಳಿಯನ್ನು ಬೋರಲು ಹಾಕಿ, ಒದ್ದೆ ಬಟ್ಟೆಯ ಪಟ್ಟಿಯನ್ನು ಜೋಡಣೆಯ ಮೇಲಿಟ್ಟು ಕಾದಳು. ಆಮೇಲೆ ಬಿದಿರಿನ ತೆಳು ಕಡ್ಡಿಯಿಂದ ಅಂಚನ್ನು ಎಬ್ಬಿಸುತ್ತ ಹೋದಳು. ಹೊಸ ಗಾಯದ ಪಟ್ಟಿ ಬಿಚ್ಚುವವರ ಹಾಗೆ. ಅವಳ ಮೂಗಿನ ತುದಿಯಲ್ಲಿ ಬೆವರು ನಿಂತಿತ್ತು. ನಾನು ಅದನ್ನು ಒರೆಸಲು ಟವೆಲ್ ಹಿಡಿದು ಪಕ್ಕದಲ್ಲಿದ್ದೆ. ಮೊದಲ ಜೋಡಣೆ ಬಿಟ್ಟುಕೊಂಡಿತು. ಎರಡನೆಯದು ಒಂದು ಮೂಲೆಯಲ್ಲಿ ಚೂರು ಹರಿಯಿತು, ನಸ್ರೀನ್ "ಯಾ ಅಲ್ಲಾ" ಅಂತ ಕೈ ನಿಲ್ಲಿಸಿದಳು, ಮತ್ತೆ ಮುಂದುವರಿಸಿದಳು. ಹಾಳೆ ಪೂರ್ತಿ ಕೈಗೆ ಬಂದಾಗ ಅದನ್ನು ಎರಡು ಅಂಗೈಯಲ್ಲಿ ಎತ್ತಿ ಮುನಿರಾಜುವಿಗೆ ಕೊಟ್ಟಳು.

"ತಗೊಳಿ ಅಣ್ಣಾ. ಇನ್ನು ನಮ್ಮ ಹತ್ರ ಏನೂ ಇಲ್ಲ."

ಮುನಿರಾಜು ಅದನ್ನು ಒಂದು ಸಲ ನೋಡಿ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಮಡಿಸುವಾಗ ನಸ್ರೀನ್ ಮುಖ ತಿರುಗಿಸಿದಳು. ಅವತ್ತೇ ಸಂಜೆ ಅದನ್ನು ನೀರೊಲೆಗೆ ಹಾಕಿದನಂತೆ. ಜಯಮ್ಮನೇ ಆಮೇಲೆ ಹೇಳಿದಳು.

ಹೊಸ ಹಾಳೆಯಲ್ಲಿ ನಸ್ರೀನ್ ಮಂಜು ಬರೆದಳು. ತೇವದ ಕಾಗದದ ಮೇಲೆ ನೀರಾದ ಮಸಿಯನ್ನು ಅಂಚಿನಿಂದ ಒಳಕ್ಕೆ ಬಿಟ್ಟು, ಅದು ತಾನಾಗಿ ಹರಡಿ ನಿಲ್ಲುವವರೆಗೆ ಕಾದಳು. ನಾನು ಒಂದು ಬದಿಯಲ್ಲಿ ಅವರ ಹಸು ಗೌರಿಯನ್ನು ಬರೆದೆ, ಮಂಜಿನ ಕಡೆಗೆ ಮುಖ ಮಾಡಿ ನಿಂತ ಹಾಗೆ. ಅಂಟಿಸಿ ಕೂರಿಸಿದ ಆ ಹಾಳೆ ಒಣಗಲು ಒಂದು ವಾರಕ್ಕಿಂತ ಹೆಚ್ಚು ಹಿಡಿಯಿತು. ಅದು ಸುಕ್ಕಿಲ್ಲದೆ ಒಣಗಿದ ಬೆಳಿಗ್ಗೆ ನಸ್ರೀನ್ ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿ ಇಟ್ಟಳು, "ನಿಂತ್ಕೊಂಡಿತು."

ಪ್ರದರ್ಶನ ಚಳಿಗಾಲದಲ್ಲಿ, ಊರಿನ ಮಧ್ಯದ ಒಂದು ಹಳೇ ಬಂಗಲೆಯಲ್ಲಿ ಆಯಿತು. ಕೊರಿಯಾದ ಕಲಾವಿದೆಯ ಸುರುಳಿ ಮೋಟರಿನಿಂದ ತಾನೇ ಸರಿಯುತ್ತಿತ್ತು, ಅದರಲ್ಲಿ ಒಂದು ಬೀದಿಯ ಹಗಲು ನಿಧಾನವಾಗಿ ಸಂಜೆಯಾಗುತ್ತಿತ್ತು. ಕೋಲ್ಕತಾದವನು ತನ್ನ ತಂದೆ ಆಸ್ಪತ್ರೆಯಲ್ಲಿದ್ದ ದಿನಗಳನ್ನು ಪಟದ ಹಾಗೆ ಚೌಕ ಚೌಕವಾಗಿ ಬರೆದಿದ್ದ. ಒಬ್ಬಳು ಬಸ್ ಟಿಕೆಟ್ ಯಂತ್ರದ ಕಾಗದದ ಸುರುಳಿಯ ಮೇಲೆ ಕಂಡಕ್ಟರುಗಳ ಮುಖ ಬರೆದಿದ್ದಳು. ನಮ್ಮದನ್ನು ಅನನ್ಯಾ ಗೋಡೆಯ ಉದ್ದಕ್ಕೂ ಬಿಚ್ಚಿ ತೂಗುಹಾಕಬೇಕು ಅಂದಳು, ನಸ್ರೀನ್ ಕೇಳಲಿಲ್ಲ. ಮೇಜಿನ ಮೇಲಿಟ್ಟು ಅವಳು ಬಿಚ್ಚುತ್ತ ಸುತ್ತುತ್ತ ಹೋಗುವುದು, ನಾನು ಬೆರಳು ತೋರಿಸಿ ಕತೆ ಹೇಳುವುದು. ಜನ ಸುತ್ತ ನಿಂತು ಕೇಳಿದರು. ಮಂಜಿನ ಹಾಳೆ ಬಂದಾಗ ನನಗೆ ಹೇಳಲು ಏನೂ ಇರುತ್ತಿರಲಿಲ್ಲ. "ಇಲ್ಲಿ ಮಂಜು" ಅಂದು ಮುಂದಕ್ಕೆ ಹೋಗುತ್ತಿದ್ದೆ.

ಪತ್ರಿಕೆಯೊಂದಕ್ಕೆ ಬರೆಯುವ ಒಬ್ಬರು ಆ ಹಾಳೆಯ ಮುಂದೆಯೇ ನಿಂತುಬಿಟ್ಟರು. ಇಡೀ ಚಿತ್ರದಲ್ಲಿ ಅದೇ ಅತ್ಯಂತ ಆಳವಾದ ಭಾಗ, ಪೂರ್ವದೇಶದ ಶೂನ್ಯದ ಕಲ್ಪನೆಯನ್ನು ಬೆಂಗಳೂರಿನ ಚರಂಡಿಯ ಮೇಲೆ ತಂದಿಟ್ಟಿದ್ದೀರಿ ಅಂದರು. ಹಾಗೇ ಬರೆದರು ಕೂಡ. ನಾನು ನಸ್ರೀನಳ ಮುಖ ನೋಡಿದೆ. ಅವಳು ತುಂಬ ವಿನಯದಿಂದ ತಲೆಯಾಡಿಸಿ, ಸುರುಳಿ ಮುಂದಕ್ಕೆ ಬಿಚ್ಚಿದಳು.

ಸಂಕ್ರಾಂತಿ ಕಳೆದ ಮೇಲೆ ಕಾಲುವೆಯ ದಂಡೆಗೆ ಜೆಸಿಬಿ ಬಂತು. ನಮ್ಮ ಚಿತ್ರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅವರ ಅರ್ಜಿ ಕೋರ್ಟಿನಲ್ಲಿ ನಿಲ್ಲಲಿಲ್ಲ, ಅಷ್ಟೇ. ಕೆಂಪು ಗುರುತಿನಿಂದಾಚೆಗೆ ಇದ್ದದ್ದೆಲ್ಲ ಹೋಯಿತು. ಕೊಟ್ಟಿಗೆ, ಅಡುಗೆಮನೆ, ಹಿಂದಿನ ಕೋಣೆ, ಹಿಂಗೋಡೆ. ಮುಂದಿನ ಒಂದು ಕೋಣೆ ಮತ್ತು ಜಗಲಿ ಉಳಿದವು. ಎರಡು ಹಸುವನ್ನು ಮಗಳ ಮನೆಗೆ ಮಾಕಳಿಗೆ ಕಳಿಸಿದರು, ಗೌರಿಯನ್ನು ಮಾತ್ರ ಪಕ್ಕದವರ ಜಾಗದಲ್ಲಿ ಕಟ್ಟಿಕೊಂಡರು. ಅಪಾರ್ಟ್‌ಮೆಂಟಿನ ಗೋಡೆಗೂ ಗುರುತು ಹಾಕಿದ್ದರು. ಅದಕ್ಕೆ ತಡೆ ಸಿಕ್ಕಿದೆ ಅಂತ ಕೇಳಿದೆ. ಈಗಲೂ ಅದು ಇದೆ, ನೀರು ಈಗಲೂ ಅಲ್ಲಿ ಬಲಕ್ಕೆ ತಿರುಗುತ್ತದೆ.

ಸುದ್ದಿ ತಿಳಿದು ನಾವು ಹೋದಾಗ ಜಯಮ್ಮ ಇಟ್ಟಿಗೆ ಆರಿಸಿ ಒಂದು ಕಡೆ ಜೋಡಿಸುತ್ತಿದ್ದಳು. "ಎಲ್ರಿಗೂ ತೋರ್ಸುದ್ರಿ, ನಮ್ಗೇ ತೋರ್ಸ್‌ಲಿಲ್ವಲ್ಲ ಅಕ್ಕ ನಿಮ್ ಸುರುಳೀನ" ಅಂದಳು.

ಹಾಗಾಗಿ ಮುಂದಿನ ಭಾನುವಾರ ಮಧ್ಯಾಹ್ನ, ಮುನಿರಾಜು ತನ್ನ ಟೆಂಪೊದಲ್ಲಿ ನಮ್ಮ ಮೇಜೊಂದನ್ನು ಸಾಗಿಸಿಕೊಂಡು ಬಂದು ಅವರ ಜಗಲಿಯ ಮುಂದೆ ಹಾಕಿದ. ಅಕ್ಕಪಕ್ಕದವರು ಹತ್ತು ಹದಿನೈದು ಜನ ಸೇರಿದರು. ಬಿಸಿಲು ಚೆನ್ನಾಗಿತ್ತು. ನಸ್ರೀನ್ ಬಿಚ್ಚಲು ಶುರು ಮಾಡಿದಳು, ನಾನು ಹೇಳಲು. ಸಿಂಗಾಪುರದ ಕೆರೆ, ಬಾಳೆಯ ತೋಟ, ಫೋನಿನಲ್ಲಿ ಜಗಳವಾಡುವ ಹುಡುಗಿ. ಬಂಗಲೆಯಲ್ಲಿ ಯಾರೂ ನಕ್ಕಿರದ ಕಡೆ ಇಲ್ಲಿ ನಕ್ಕರು. ಗುಜರಿ ವಿಂಗಡಿಸುವವನನ್ನು ಯಾರೋ ಗುರುತು ಹಿಡಿದು ಹೆಸರು ಕೂಗಿದರು. ಅಪಾರ್ಟ್‌ಮೆಂಟಿನ ಗೋಡೆ ಬಂದಾಗ ಒಬ್ಬ ಮುದುಕ "ಬಂತು ನೋಡು" ಅಂದ.

ಆಮೇಲೆ ಮಂಜಿನ ಹಾಳೆ ಬಂತು. ನಾನು ರೂಢಿಯ ಹಾಗೆ "ಇಲ್ಲಿ ಮಂಜು" ಅಂದೆ. ನಸ್ರೀನ್ ಮುಂದಕ್ಕೆ ಬಿಚ್ಚಲು ಹೊರಟಳು.

"ತಡೀರಿ" ಅಂದಳು ಜಯಮ್ಮ. ಮುಂದೆ ಬಂದು, ಕೈಯನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡು, ಬೆರಳನ್ನು ಸೀದಾ ಆ ಬಿಳಿ ಕಾಗದದ ಮೇಲೆ ಇಟ್ಟಳು. ಸುರುಳಿಗೆ ಯಾರ ಬೆರಳನ್ನೂ ತಾಗಿಸಗೊಡದ ನಸ್ರೀನ್ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

"ಇದು ನಮ್ಮನೆ" ಅಂದಳು ಜಯಮ್ಮ ಎಲ್ಲರಿಗೂ ಕೇಳುವ ಹಾಗೆ. "ಇಲ್ಲಿ ಬಾಗ್ಲು. ಇಲ್ಲಿ ಕೊಟ್ಗೆ. ಗೌರಿ ಇಲ್ಲಿ, ಮಿಕ್ಕಿದ್ದೆರಡು ಇಲ್ಲಿ. ಇದು ಅಡ್ಗೆಮನೆ. ಇಂದ್ಗಡೆ ಈ ಕೋಣೇಲೇ ನನ್ ಮಗ್ಳು ಉಟ್ಟಿದ್ದು, ಅವತ್ತೂ ಇಂಗೇ ಬಿಸ್ಲು. ಇದು ಕಿಟ್ಕಿ..."

"ಕಿಟ್ಕಿ ಅಲ್ಲೆಲ್ಲಿತ್ತು?" ಅಂದ ಮುನಿರಾಜು ಹಿಂದಿನಿಂದ. "ಈ ಕಡೆ ಇತ್ತು. ಪೂರ್ವಕ್ಕೆ."

"ನೀನ್ ಕಂಡಿದ್ದೆ. ಬೆಳಿಗ್ಗೆ ಎದ್ದು ಟೆಂಪೊ ಅತ್ತಿ ಓಗೋನು. ಕಿಟ್ಕಿ ಇಲ್ಲಿತ್ತು. ಇಲ್ಲಿಂದ್ಲೇ ನಾನ್ ರೈಲು ನೋಡ್ತಿದ್ದಿದ್ದು."

"ಅದು ಆಮೇಲೆ ಒಡ್ದಿದ್ದು ಕಣೇ. ಮೊದ್ಲು ಈ ಕಡೆ ಇತ್ತು."

ಪಕ್ಕದ ಮನೆಯಾಕೆ ಮುನಿರಾಜು ಹೇಳುವುದೇ ಸರಿ ಅಂದಳು. ಮುದುಕ ಇಲ್ಲ ಅಂದ. ಎಲ್ಲರೂ ಮೇಜಿನ ಮೇಲೆ ಬಗ್ಗಿ, ಏನೂ ಇಲ್ಲದ ಕಾಗದದಲ್ಲಿ ಕಿಟಕಿ ಎಲ್ಲಿತ್ತು ಅಂತ ವಾದ ಮಾಡಿದರು. ನಸ್ರೀನ್ ಎರಡು ಕೋಲುಗಳನ್ನು ಹಿಡಿದು ಹಾಗೇ ನಿಂತಿದ್ದಳು, ಅವಳ ಕೈ ನೋಯುತ್ತಿರಬೇಕು. ನಾನು ಹಿಡಿದುಕೊಳ್ಳಲು ಹೋದರೆ ಬೇಡ ಅಂತ ತಲೆಯಾಡಿಸಿದಳು.

ಕೊನೆಗೆ ಎರಡು ಕಿಟಕಿ ಇದ್ದವು ಅಂತ ತೀರ್ಮಾನವಾಯಿತು. ಜಯಮ್ಮ ಬೆರಳು ತೆಗೆದು, ಸೆರಗು ಸರಿಮಾಡಿಕೊಂಡು ಹಿಂದಕ್ಕೆ ಸರಿದು ನಿಂತಳು.

"ಊಂ, ಆಯ್ತು" ಅಂದಳು. "ಈಗ ಮುಂದಕ್ಕೆ ಬಿಚ್ಚಿ ನಸ್ರೀನಮ್ಮ."

ನಸ್ರೀನ್ ಬಿಚ್ಚಿದಳು.